ಐನ್ ಖಾಲಿದಿನ ಮಟಿಲ್ಡಮ್ಮ

ನಾಟಕದವರು ಬಂದು ಕೇಳಲಿಕ್ಕೆ ಇನ್ನೂ ಅರ್ಧ ದಿನವಿತ್ತು. ಚೂಡಾಮಣಿ ಆಗಲೇ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಬೇಡವೆನ್ನುವುದನ್ನು ಅಭ್ಯಾಸ ಮಾಡುತ್ತಿದ್ದಳು. ಲೋಕದಲ್ಲಿ ಬೇಡವೆನ್ನುವವರು ಬೇಕಾದಷ್ಟಿದ್ದಾರೆ. ಆದರೆ ಚೂಡಾಮಣಿ ಹೇಳಲಿದ್ದಂಥ ಬೇಡ ಕತಾರಿನ ಉತ್ತರ ತುದಿಯ ಅಲ್ ಶಮಾಲಿನಿಂದ ದಕ್ಷಿಣದ ಸೌದಿ ಗಡಿಯವರೆಗೆ ಯಾರ ಬಾಯಿಂದಲೂ ಹೊರಟಿರಲಿಲ್ಲ. ಹೊರಟಿದ್ದರೆ ಕೊಲ್ಲಿಯ ನೀರು ಒಂದು ಗೇಣು ಹಿಂದೆ ಸರಿದಿರುತ್ತಿತ್ತು. ಮೊದಲು ‘ಅಯ್ಯೋ, ಆಗೋಲ್ಲಪ್ಪ’ ಎಂದು ನೋಡಿದಳು. ಅದು ಎರಡನೇ ಸಲ ಬಂದ ಸಾರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದಂತಿತ್ತು, ಬಡಿಸುವವನು ಹೇಗೂ ಬಡಿಸಿಯೇ ಹೋಗುತ್ತಾನೆ. ‘ದಯವಿಟ್ಟು ಕ್ಷಮಿಸಬೇಕು’ ಎಂದರೆ ಬ್ಯಾಂಕಿನಿಂದ ಫೋನು ಮಾಡುವ ಹುಡುಗಿಯ ದನಿ ಬಂತು. ಕೊನೆಗೆ ಗದ್ದ ತುಸು ಎತ್ತಿ, ರೆಪ್ಪೆ ಅರ್ಧ ಇಳಿಸಿ ‘ನನ್ನಿಂದಾಗದು’ ಎಂದಾಗ, ತುಟಿಯ ಕೊನೆಯಲ್ಲಿ ಉಳಿದಿದ್ದ ಪೇಸ್ಟಿನ ನೊರೆಯೊಂದನ್ನು ಬಿಟ್ಟರೆ, ಕನ್ನಡಿಯೊಳಗಿನವಳು ಒಂದು ಸಾಮ್ರಾಜ್ಯವನ್ನೇ ಹಿಂದಕ್ಕೆ ಕಳಿಸಿದವಳಂತೆ ಕಂಡಳು. ಲೆಕ್ಕಾಚಾರ ಸರಳವಾಗಿತ್ತು. ಅವರು ಕೇಳುತ್ತಾರೆ, ಇವಳು ಆಗದು ಅನ್ನುತ್ತಾಳೆ. ಅವರು ಗೋಗರೆಯುತ್ತಾರೆ, ಇವಳು ಇನ್ನೊಮ್ಮೆ ಅನ್ನುತ್ತಾಳೆ, ಈ ಸಲ ಸ್ವಲ್ಪ ಸಣ್ಣಗೆ. ಆಮೇಲೆ ಇಡೀ ಕನ್ನಡ ಸಂಘವೇ ಅವಳ ಮಜ್ಲಿಸಿನ, ಅಂದರೆ ಅತಿಥಿಕೋಣೆಯ, ಕಾರ್ಪೆಟ್ಟಿನ ಮೇಲೆ ಉರುಳಾಡುವಾಗ ಕಲೆಗೋಸ್ಕರ, ಬರೀ ಕಲೆಗೋಸ್ಕರ, ಒಪ್ಪಿಕೊಳ್ಳುತ್ತಾಳೆ. ಮಟಿಲ್ಡಮ್ಮನ ಪಾತ್ರ ಅವಳಿಗೆ ಅಷ್ಟು ಬೇಕಾಗಿತ್ತು. ಆ ಪಾತ್ರದ ಮಾತುಗಳನ್ನು ಗೊಣಗುತ್ತ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಸಿಗ್ನಲ್ಲಿನಲ್ಲಿ ನಿಂತ ಕಾರಿನ ಹಿಂದಿನ ಸೀಟಿನಿಂದ ‘ನನ್ನ ನೆಲ, ನನ್ನ ಜನ’ ಎಂದು ಗುಡುಗಿದಾಗ ನೇಪಾಳಿ ಡ್ರೈವರು ಹೆದರಿ ಕಾರನ್ನು ಪಕ್ಕಕ್ಕೆ ಹಾಕಿದ್ದ.

ಮಟಿಲ್ಡಮ್ಮ ಅಂದರೆ ಲೇಡಿ ಮಟಿಲ್ಡಾ. ಏಳುನೂರು ವರ್ಷದ ಹಿಂದಿನ ಇಂಗ್ಲೆಂಡಿನ ದೊಡ್ಡ ಮನೆತನದವಳು, ಕೋಟೆಗಳ ಒಡತಿ, ವಿಧವೆ. ಹಾಗೆಂದು ಒಬ್ಬಳು ಇದ್ದಳೆಂದಲ್ಲ. ಅಲ್ ಖೋರಿನಲ್ಲಿ ಮನೆ ಮಾಡಿಕೊಂಡು ದಿನವೂ ಕಂಪನಿ ಬಸ್ಸಿನಲ್ಲಿ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗೆ ಹೋಗಿಬರುವ ಮುದ್ದುಕೃಷ್ಣ, ಬಸ್ಸಿನಲ್ಲಿ ಕೂತು ಫೋನಿನಲ್ಲಿ ಆ ಕಾಲದ ನಾಲ್ಕಾರು ಹೆಂಗಸರ ಚರಿತ್ರೆ ಓದಿ, ಎಲ್ಲರನ್ನೂ ಒಟ್ಟಿಗೆ ರುಬ್ಬಿ ಒಬ್ಬಳನ್ನು ಮಾಡಿದ್ದ. ದೋಹಾದ ಭಾರತೀಯ ಭಾಷೆಗಳ ನಾಟಕ ಸ್ಪರ್ಧೆಗೆ ಈ ವರ್ಷದ ವಿಷಯ ‘ಲೋಕದ ಮಹಿಳೆಯರು’. ಮಲಯಾಳಿಗಳು ಕ್ಲಿಯೋಪಾತ್ರಳನ್ನು ಮೊದಲೇ ಹಾರಿಸಿಕೊಂಡು ಹೋಗಿದ್ದರು, ಮರಾಠಿಯವರ ಕೈಗೆ ಒಬ್ಬ ರಷ್ಯದ ರಾಣಿ ಸಿಕ್ಕಿದ್ದಳು. ಕನ್ನಡದವರ ಪಾಲಿಗೆ ಬಂದ ಮಟಿಲ್ಡಮ್ಮನಿಗೆ ಗಂಡ ಬದುಕಿರುವಷ್ಟು ಹೊತ್ತು ಇರುವುದು ‘ಆಗಲಿ ಪ್ರಭು’ ಎಂಬ ಒಂದೇ ಮಾತು. ಅವನು ಸತ್ತ ಮೇಲೆ ಶುರು ಮಾಡಿದವಳು ಪರದೆ ಬೀಳುವವರೆಗೆ ಬಾಯಿ ಮುಚ್ಚುವುದಿಲ್ಲ. ಗಂಡನ ನೆಲದಲ್ಲಿ ಮೂರನೇ ಒಂದು ಪಾಲು ಅವಳ ಕೈಗೆ ಬರುತ್ತದೆ, ಅರಗಿನ ಮೇಲೆ ಒತ್ತಲು ಅವಳದೇ ಮೊಹರು ಬರುತ್ತದೆ. ರಾಜ ತನ್ನ ಕಡೆಯವನೊಬ್ಬನಿಗೆ ಅವಳನ್ನು ಕಟ್ಟಿಬಿಡಲು ನೋಡಿದರೆ, ಅವಳು ಬಿಷಪ್ಪನ ಮುಂದೆ ಮಂಡಿಯೂರಿ ಇನ್ನು ಯಾರನ್ನೂ ಮದುವೆಯಾಗೆನೆಂದು ಪ್ರತಿಜ್ಞೆ ಮಾಡಿ, ಅದರ ಗುರುತಿಗೆ ಉಂಗುರ, ನಿಲುವಂಗಿ ಪಡೆದು, ಮಠಕ್ಕೂ ಸೇರದೆ ನೇರ ಮನೆಗೆ ಬಂದು ಗಂಡನ ಕುರ್ಚಿಯಲ್ಲಿ ಕೂರುತ್ತಾಳೆ. ಪ್ರತಿ ಶುಕ್ರವಾರ ಚೂಡಾಮಣಿಯ ಮಜ್ಲಿಸಿನಲ್ಲೇ ಅಭ್ಯಾಸ. ದೋಹಾದ ಈ ಐನ್ ಖಾಲಿದ್ ಬಡಾವಣೆಯಲ್ಲಿ ಅಷ್ಟು ದೊಡ್ಡ ಮಜ್ಲಿಸು, ಅಷ್ಟು ಧಾರಾಳ ಉಪ್ಪಿಟ್ಟು ಇನ್ನೆಲ್ಲಿ. ಬಾಗಿಲ ಮರೆಯಲ್ಲಿ ಸೌಟು ಹಿಡಿದು ನಿಂತೇ ಅವಳಿಗೆ ಇಡೀ ನಾಟಕ ಬಾಯಿಪಾಠವಾಗಿತ್ತು.

ಪಾತ್ರ ಮೊದಲು ಸ್ಪಂದನಾಳಿಗೆ ಹೋಗಿತ್ತು. ಎತ್ತರ, ಬಣ್ಣ, ನಡಿಗೆ ಎಲ್ಲ ಇದ್ದ ಹುಡುಗಿ, ಇಲ್ಲದ್ದು ಕನ್ನಡವೊಂದೇ. ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಓದುತ್ತಿದ್ದಳು. ಹೋದ ಶುಕ್ರವಾರ ಅವಳ ಅತ್ತೆ ಜೊತೆಗೆ ಬಂದರು. ಹುಣಸೂರಿನ ನಂಜಮ್ಮಣ್ಣಿ, ಇಡೀ ಆಯುಷ್ಯ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಈಗ ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಬಂದಿದ್ದರು. ಚೂಡಾಮಣಿಯ ಹಾಗೆ ಅವರೂ ಗಂಡನನ್ನು ಕಳೆದುಕೊಂಡವರೇ, ಹಣೆಯಲ್ಲಿ ವಿಭೂತಿಯ ಗೆರೆ ಮಾತ್ರ. ಚೂಡಾಮಣಿ ಆ ಹಣೆ ಕಂಡು, ಪರದೇಶದಲ್ಲಿ ತನ್ನ ಊರಿನ ನಂಬರಿನ ಕಾರು ಕಂಡಂತೆ ಒಳಗೊಳಗೇ ಹಿಗ್ಗಿದ್ದಳು. ಅಷ್ಟರಲ್ಲಿ ನಂಜಮ್ಮಣ್ಣಿ ಕೈ ಎತ್ತಿ ಅಭ್ಯಾಸ ನಿಲ್ಲಿಸಿದರು. “ನನ್ನ ಮಗ ಕಲ್ಲುಗುಂಡಿನ ಹಾಗಿದ್ದಾನೆ. ಅವನಿದ್ದ ಹಾಗೇ ಇವಳು ಹಣೆ ಬೋಳು ಮಾಡ್ಕೊಂಡು ಅಷ್ಟು ಜನದ ಮುಂದೆ ನಿಲ್ಲೋದು ಬೇಡ.” ಮುದ್ದುಕೃಷ್ಣ ಬೆವರಿದ. ಆ ಕಾಲದ ವಿಧವೆಯರು ತಲೆ, ಕಿವಿ, ಗದ್ದ ಎಲ್ಲ ಸುತ್ತಿ ಬಿಳಿ ಬಟ್ಟೆ ಕಟ್ಟುತ್ತಿದ್ದರು, ಅದನ್ನು ಹುಬ್ಬಿನವರೆಗೆ ಎಳೆದರೆ ಕುಂಕುಮ ಒಳಗೇ ಇರುತ್ತದೆ, ಜನಕ್ಕೆ ಕಾಣುವುದಿಲ್ಲ ಎಂದ. “ಜನಕ್ಕೆ ಕಾಣದ ಮೇಲೆ ಇಟ್ಕೊಂಡೇನು ಬಂತು?” ಎಂದರು ನಂಜಮ್ಮಣ್ಣಿ. ಹಾಗಾದರೆ ಪ್ರಭು ಸಾಯುವುದೇ ಬೇಡ, ಜೆರೂಸಲೇಮಿನ ಯುದ್ಧಕ್ಕೆ ಹೋಗಿ ಕಾಣೆಯಾಗಲಿ, ನಾಟಕ ಮುಗಿದ ಮೇಲೆ ಬೇಕಾದರೆ ವಾಪಸು ಬರಲಿ ಎಂದ ಮುದ್ದುಕೃಷ್ಣ. ಬಿಷಪ್ಪನ ಪಾತ್ರದ ಮಂಗಳೂರಿನ ಬೆನ್ನಿ ತನ್ನ ಉದ್ದ ಟೋಪಿ ತೆಗೆದು ಕೆಳಗಿಟ್ಟ. “ಹಾಗಾದ್ರೆ ನನ್ನಿಂದ ಪ್ರತಿಜ್ಞೆ ಮಾಡಿಸ್ಲಿಕ್ಕಾಗುದಿಲ್ಲ ಮಾರಾಯ. ಗಂಡ ಬದುಕಿದ್ದವಳು ಬಿಷಪ್ಪನ ಹತ್ರ ಎಂತಕ್ಕೆ ಬರ್ತಾಳೆ?” ಉಳಿದ ಹೆಂಗಸರಿಗೆ ಇದ್ದಕ್ಕಿದ್ದಂತೆ ಮಕ್ಕಳ ಪರೀಕ್ಷೆ ನೆನಪಾಯಿತು, ಒಬ್ಬಳಿಗೆ ಗಂಟಲೇ ಕಟ್ಟಿತು. ಆಮೇಲೆ ಎಲ್ಲರ ಕಣ್ಣೂ ಮೆಲ್ಲಗೆ, ಉಪ್ಪಿಟ್ಟಿನ ಪಾತ್ರೆಯನ್ನು ದಾಟಿ, ಚೂಡಾಮಣಿಯ ಹಣೆಯ ಮೇಲೆ ಬಂದು ಕೂತವು. ಅಲ್ಲಿ ಸಾಸಿವೆ ಕಾಳಿನಷ್ಟು ಸ್ಟಿಕ್ಕರು ಬಿಂದಿಯೊಂದಿತ್ತು, ಇದೆಯೆಂದವರಿಗೆ ಇದೆ, ಇಲ್ಲವೆಂದವರಿಗೆ ಇಲ್ಲ, ಒಂದು ವರ್ಷದ ಯೋಚನೆಯ ಫಲ. ಅವಳು ಸೌಟು ಇಳಿಸಿ ಒಳಗೆ ಹೋಗಿದ್ದಳು. ನಿನ್ನೆ ಮುದ್ದುಕೃಷ್ಣ ಫೋನು ಮಾಡಿ “ನಾಳೆ ಒಂದು ಸಣ್ಣ ವಿಷಯ ಮಾತಾಡೋದಿದೆ ಮೇಡಂ” ಎಂದಿದ್ದ.

ಸಣ್ಣ ವಿಷಯ. ಸೀರೆಯ ನೆರಿಗೆ ಹಿಡಿಯುತ್ತಿದ್ದ ಬೆರಳು ಅಲ್ಲೇ ನಿಂತಿತು. ಹೋದ ನವೆಂಬರಿನ ರಾಜ್ಯೋತ್ಸವದಲ್ಲೂ ಇದೇ ಸೀರೆ. ಗಂಡ ಧನಂಜಯ ಇದ್ದಾಗ ಇಪ್ಪತ್ತು ವರ್ಷ ಸಂಘದ ದೀಪಗಳೆಲ್ಲ ಚೂಡಾಮಣಿಯ ಕೈಯಿಂದಲೇ ಹತ್ತಿದ್ದವು. ಅವಳು ಬತ್ತಿಗೆ ಕೈ ತೋರಿಸಿದರೆ ಸಾಕು, ಬೆಂಕಿಕಡ್ಡಿಯ ಅಗತ್ಯವೂ ಇರಲಿಲ್ಲವೆಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಆ ಸಂಜೆಯೂ ಮೊದಲ ಸಾಲಿನಲ್ಲಿ, ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ‘ಈಗ ದೀಪ ಬೆಳಗಿಸಲು’ ಎಂದು ಮೈಕು ಹೇಳಿದ್ದೇ ತಡ ಸೊಂಟ ತಾನಾಗಿ ಕುರ್ಚಿಯಿಂದ ಮೇಲೆದ್ದಿತ್ತು. ಮೈಕು ಬೇರೆ ನಾಲ್ವರ ಹೆಸರು ಹೇಳಿತು, ನಾಲ್ವರೂ ಗಂಡಂದಿರ ಪಕ್ಕದಿಂದ ಎದ್ದುಹೋದರು. ಅರ್ಧ ಎದ್ದ ಮನುಷ್ಯರು ಏನು ಮಾಡಬೇಕೆಂದು ಯಾರೂ ಯಾರಿಗೂ ಕಲಿಸಿರುವುದಿಲ್ಲ. ಅವಳು ಹಾಗೇ ಗಾಳಿಯಲ್ಲಿ ನಿಂತು, ಸೀರೆಯ ನೆರಿಗೆಯನ್ನು ಒಂದು ಯುಗ ಸರಿಮಾಡಿ, ಮತ್ತೆ ಕೂತಳು. ದೀಪ ಹತ್ತಿ, ಪ್ರಾರ್ಥನೆ ಮುಗಿದು, ಮಕ್ಕಳ ಕುಣಿತವೂ ಮುಗಿದ ಮೇಲೆ ಪ್ರಾಯೋಜಕರೆಂದು ಕರೆದು ಶಾಲು ಹೊದಿಸಿದರು. ಯಾರೂ ಕೆಟ್ಟವರಲ್ಲ. ಅವಳಿಗೆ ಮುಜುಗರವಾಗಬಾರದೆಂದೇ ಕರೆಯಲಿಲ್ಲವೆಂದು ಕಾರ್ಯದರ್ಶಿ ಆಮೇಲೆ ಕಿವಿಯಲ್ಲಿ ಹೇಳಿದ. ಅಂದಿನಿಂದ ಅವಳಿಗೆ ಆ ವೇದಿಕೆ ಬೇಕಾಗಿತ್ತು, ಶಾಲಿನ ಜೊತೆ ಎರಡು ನಿಮಿಷವಲ್ಲ, ಕುಳಿತು, ನಿಂತು, ಓಡಾಡಿ, ಎಲ್ಲರೂ ಬಾಯಿ ಮುಚ್ಚಿಕೊಂಡು ಕೇಳುವಂತೆ ಒಂದು ಗಂಟೆ. ಈಗ ಆ ವೇದಿಕೆಯೇ ಮನೆಗೆ ನಡೆದು ಬರುತ್ತಿತ್ತು, ಆದರೆ ಬರುವ ಕಾರಣ ಅವಳ ಹಣೆಯಲ್ಲಿತ್ತು. ಒಪ್ಪಿದರೆ, ಹೌದು, ನಾನು ಅಂಥವಳೇ ಎಂದು ತಾನೇ ಸಾರಿದಂತೆ. ಒಪ್ಪದಿದ್ದರೆ ಮತ್ತೆ ಮೊದಲ ಸಾಲು, ನಡುವಿನ ಕುರ್ಚಿ, ಶಾಲು. ಮನೆಯಲ್ಲಿ ಆಗಲೇ ಒಂದು ಬೀರು ತುಂಬ ಶಾಲುಗಳಿದ್ದವು, ಇಡೀ ರಷ್ಯಕ್ಕೆ ಹೊದಿಸುವಷ್ಟು.

ಹಿಂದಿನ ಗೇಟಿನಿಂದ ಪಕ್ಕದ ಮನೆಯ ರುಕಿಯಾ ಅಕ್ಕಿರೊಟ್ಟಿಯಂಥ ಪತ್ತಿರಿಯ ಡಬ್ಬಿ ಹಿಡಿದು ಬಂದಳು. ಉಳ್ಳಾಲದವಳು, ಗಂಡ ಅಬೂಬಕರ್ ಕಟ್ಟಡದ ಸಾಮಾನಿನ ವ್ಯಾಪಾರಿ, ಇವರಿಗಿಂತ ಮೊದಲೇ ಕತಾರಿಗೆ ಬಂದು ಬೇರುಬಿಟ್ಟ ಸಂಸಾರ. ಒಳಗೆ ಬಂದವಳೇ ಚೂಡಾಮಣಿಯನ್ನು ಮೇಲಿನಿಂದ ಕೆಳಗೆ ನೋಡಿ, “ಎಂತದಕ್ಕ, ಮದುವೆಗೆ ಹೊರಟ ಹಾಗೆ ಕಾಣ್ತದೆ” ಎಂದಳು.

“ಏನಿಲ್ಲ. ನಾಟಕದವರು ಪಾತ್ರ ಮಾಡಿ ಅಂತ ಬರ್ತಿದ್ದಾರೆ. ನಾನು ಆಗಲ್ಲ ಅನ್ನೋಳು.”

“ಆಗಲ್ಲ ಅನ್ಲಿಕ್ಕೆ ಜರಿ ಸೀರೆ ಎಂತಕ್ಕೆ?”

ಚೂಡಾಮಣಿ ಅವಳಿಗೆ ಕಾಫಿ ಸುರಿದಳು. ರುಕಿಯಾ ಊದಿ ಕುಡಿಯುತ್ತ, “ನಿಮ್ಮದು ಉದ್ದ ಲೆಕ್ಕ ಅಕ್ಕ. ನಮ್ಮಲ್ಲಿ ಗಂಡ ಹೋದ್ರೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂತ್ಕೊಳ್ಳುದು. ಮನೆಯಿಂದ ಹೊರಗೆ ಬರ್ಲಿಕ್ಕಿಲ್ಲ, ಅತ್ತರ್ ಇಲ್ಲ, ಸುರ್ಮಾ ಇಲ್ಲ. ಅಷ್ಟಾದ ಮೇಲೆ ಖಲಾಸ್. ನಿಮಗೆ ಕೊನೆಯ ದಿನ ಯಾವುದಂತಲೇ ಯಾರೂ ಹೇಳುದಿಲ್ಲ” ಎಂದಳು.

“ಹೇಳದೇ ಇರೋದೇ ನಮ್ಮ ದೊಡ್ಡಸ್ತಿಕೆ” ಎಂದು ಚೂಡಾಮಣಿ ನಕ್ಕಳು. ರುಕಿಯಾ ನಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, “ಬೇಕಾದ್ರೆ ಬೇಕು ಅನ್ನಿ ಮಾರಾಯ್ತಿ, ಬೇಡಾದ್ರೆ ಬೇಡ ಅನ್ನಿ. ಬಿಸಿ ಇದೆ, ತಿನ್ನಿ” ಎಂದು ಹೊರಟುಹೋದಳು.

ಪತ್ತಿರಿ ತಿನ್ನುತ್ತ ಅವಳು ಒಬ್ಬಳೇ ಅಡುಗೆಮನೆಯಲ್ಲಿ ಕೂತಳು. ಬೇಕು ಅನ್ನುವುದು ಅಷ್ಟು ಸುಲಭವಾಗಿದ್ದರೆ. ಬೇಕು ಎನ್ನುವವಳ ಒಳಗನ್ನು ಜನ ಇಣುಕಿ ನೋಡುತ್ತಾರೆ, ಇಣುಕಿದರೆ ಅಲ್ಲಿ ಅವರು ಕಾಣಬಾರದ್ದು ಒಂದಿತ್ತು. ಧನಂಜಯನದು ಕಟ್ಟಡಗಳ ಸುತ್ತ ನಿಲ್ಲಿಸುವ ಪೈಪಿನ ಸ್ಕಾಫೋಲ್ಡಿಂಗ್ ಬಾಡಿಗೆಗೆ ಕೊಡುವ ವ್ಯವಹಾರ. ದೋಹಾದ ಆಕಾಶ ಕೆಳಗೆ ಬೀಳದಿರುವುದು ತನ್ನ ಪೈಪುಗಳಿಂದಲೇ ಎನ್ನುತ್ತಿದ್ದ, ಅವನ ಹೆಂಡತಿಗೂ ಹಾಗೇ ಅನ್ನಿಸುತ್ತಿತ್ತು. ಅವನು ಹೋದ ಮೇಲೆ ಕಂಪನಿಯ ರಬ್ಬರು ಮೊಹರು ಅವಳ ಕೈಗೆ ಬಂತು. ಈ ದೇಶದಲ್ಲಿ ಸಹಿಗೆ ಬೆಲೆಯಿಲ್ಲ, ಮೊಹರು ಬಿದ್ದರೆ ಮಾತ್ರ ಕಾಗದಕ್ಕೆ ಜೀವ. ಮೊದಲ ದಿನ ಇಂಡಸ್ಟ್ರಿಯಲ್ ಏರಿಯಾದ ಆ ತಗಡಿನ ಆಫೀಸಿನಲ್ಲಿ, ಅವನ ಕುರ್ಚಿಯಲ್ಲಿ ಕೂತು ಮೊಹರು ಒತ್ತಿದಾಗ ಟಪ್ ಎಂದು ಸದ್ದಾಯಿತು. ಆ ಸದ್ದು ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಬೆನ್ನಿಗೆ ಹೋಗಿ, ಐವತ್ತೆಂಟು ವರ್ಷದ ಮೈಯಲ್ಲಿ ಎಲ್ಲೋ ಮಲಗಿದ್ದ ಯಾರನ್ನೋ ಎಬ್ಬಿಸಿತು. ಇನ್ನೂ ಒಂದು ಕಾಗದ ಇದೆಯಾ ಎಂದು ಕೇಳಿದ್ದಳು. ಇರಲಿಲ್ಲ. ಖಾಲಿ ಹಾಳೆಯ ಮೇಲೆ ಇನ್ನೊಮ್ಮೆ ಒತ್ತಿ, ಯಾರೂ ನೋಡದಂತೆ ಹರಿದುಹಾಕಿದ್ದಳು. ಧನಂಜಯ ಏಸಿಯನ್ನು ಹದಿನೆಂಟಕ್ಕೆ ಇಟ್ಟು ಮಲಗುವವನು, ಇವಳು ಮೂರು ದಶಕ ಮರುಭೂಮಿಯಲ್ಲಿ ಎರಡು ಕಂಬಳಿ ಹೊದ್ದು ಮಲಗಿದವಳು. ಈಗ ಇಪ್ಪತ್ತಾರಕ್ಕಿಟ್ಟು ಮಂಚದ ಈ ಮೂಲೆಯಿಂದ ಆ ಮೂಲೆಗೆ ಅಡ್ಡ ಮಲಗುತ್ತಾಳೆ. ಒಳ್ಳೆಯ ಮನುಷ್ಯ, ಒಂದು ದಿನ ಜೋರಾಗಿ ಮಾತಾಡಿದವನಲ್ಲ. ಅವನು ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಿತ್ತು ಎಂದು ಅವಳು ಒಂದು ರಾತ್ರಿ ಯೋಚಿಸಿ, ಹಾಗೆ ಯೋಚಿಸಿದ್ದಕ್ಕೆ ಎದ್ದು ಏಸಿಯನ್ನು ಹದಿನೆಂಟಕ್ಕೆ ಇಳಿಸಿ, ನಡುಗುತ್ತ ಕಾಲು ಗಂಟೆ ಪ್ರಾಯಶ್ಚಿತ್ತ ಮಾಡಿಕೊಂಡು, ಮತ್ತೆ ಇಪ್ಪತ್ತಾರಕ್ಕೆ ಏರಿಸಿದ್ದಳು. ಮಟಿಲ್ಡಮ್ಮ ಏನು ಮಾಡುತ್ತಿದ್ದಳೋ. ಇಂಗ್ಲೆಂಡಿನ ಚಳಿಯಲ್ಲಿ ಅವಳ ಗಂಡ ಕಿಟಕಿ ತೆರೆದಿಟ್ಟು ಮಲಗುತ್ತಿದ್ದಿರಬೇಕು.

ಮಧ್ಯಾಹ್ನದ ನಮಾಜು ಮುಗಿದು ರಸ್ತೆಯ ಕಾರುಗಳೆಲ್ಲ ಚದುರಿದ ಮೇಲೆ ಅವರು ಬಂದರು. ಮುದ್ದುಕೃಷ್ಣ, ಬೆನ್ನಿ, ಸ್ಪಂದನಾ, ಅವಳ ಹಿಂದೆ ಕೈಚೀಲ ಹಿಡಿದ ನಂಜಮ್ಮಣ್ಣಿ. ಚೂಡಾಮಣಿ ಗೋಡೆಗೆ ಹತ್ತಿಸಿದ ಮೆತ್ತೆಗಳ ನಡುವೆ, ಬಾಗಿಲಿಗೆ ನೇರ ಎದುರಾಗಿ, ಬೆಳಕು ಕೆನ್ನೆಯ ಒಂದೇ ಪಕ್ಕಕ್ಕೆ ಬೀಳುವಂತೆ ಕೂತಿದ್ದಳು. ಆ ಜಾಗ ಹುಡುಕಲು ಬೆಳಿಗ್ಗೆ ಎಂಟು ಕಡೆ ಕೂತು ನೋಡಿದ್ದಳು.

“ಮೇಡಂ, ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ” ಎಂದು ಮುದ್ದುಕೃಷ್ಣ ಶುರು ಮಾಡಿದ. “ಲೀಡ್ ರೋಲ್ ಖಾಲಿ ಬಿದ್ದಿದೆ. ಎಲ್ಲರಿಗೂ ಒಂದೊಂದು ಪ್ರಾಬ್ಲಮ್. ನಿಮಗಾದ್ರೆ... ಅಂದ್ರೆ, ನಿಮಗೇನೂ ತೊಂದರೆ ಇಲ್ಲವಲ್ಲ ಮೇಡಂ.”

ಸ್ಪಂದನಾ ಅವನ ಕಾಲು ತುಳಿದದ್ದು ಎಲ್ಲರಿಗೂ ಕಂಡಿತು. “ಅವ್ರು ಹೇಳೋದು, ಆಂಟಿ, ಯೂ ಹ್ಯಾವ್ ದಟ್ ಡಿಗ್ನಿಟಿ ಅಂತ” ಎಂದಳು.

ನಿಮಗೇನೂ ತೊಂದರೆ ಇಲ್ಲ. ಆ ಮಾತು ಎಲ್ಲಿಗೆ ಬೀಳಬೇಕೋ ಅಲ್ಲಿಗೇ ಬಿತ್ತು. ಆದರೆ ಬೆಳಗಿನಿಂದ ತಿದ್ದಿ ತೀಡಿದ ಮುಖ ಅಷ್ಟಕ್ಕೆಲ್ಲ ಒಡೆಯುವಂಥದ್ದಲ್ಲ. ಗದ್ದ ತುಸು ಎತ್ತಿದಳು, ರೆಪ್ಪೆ ಅರ್ಧ ಇಳಿಸಿದಳು. “ನನ್ನಿಂದಾಗದು.” ಅದ್ಭುತವಾಗಿ ಬಂತು. ಕನ್ನಡಿಯೆದುರಿಗಿಂತ ನೂರು ಪಾಲು ಚೆನ್ನಾಗಿ, ಗೋಡೆಯ ಗಡಿಯಾರ ಕೂಡ ಒಂದು ಬಡಿತ ತಪ್ಪಿಸುವಂತೆ. ಅವಳು ಗೋಗರೆತಕ್ಕೆ ಕಾದಳು.

“ಪಾಪ, ಅವರನ್ಯಾಕೆ ಬಲವಂತ ಮಾಡ್ತೀರಿ” ಎಂದರು ನಂಜಮ್ಮಣ್ಣಿ. “ನಾನೇ ಮಾಡ್ತೀನಿ ಬಿಡಿ.”

ನಂಜಮ್ಮಣ್ಣಿ ಕೈಚೀಲದಿಂದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ನಾಟಕ ಕಲಿಸಿದ್ದೆಲ್ಲ ತಾನೇ, ಆದರೆ ವೇದಿಕೆ ಹತ್ತಲು ಯಜಮಾನರು ಬಿಟ್ಟವರಲ್ಲ, ಆಮೇಲೆ ಮಗನೂ ಬಿಟ್ಟವನಲ್ಲ ಎಂದು ಹವಾಮಾನ ಹೇಳಿದಂತೆ ಹೇಳಿದರು. ಸ್ಪಂದನಾ ಬಾಯಿ ತೆರೆದಳು. “ಅತ್ತೆ, ಹಾಗಾದ್ರೆ ನನ್ನ ಬೇಡ ಅಂದಿದ್ದು...”

“ನಿನ್ನ ಕನ್ನಡಕ್ಕೆ ಕಣಮ್ಮ. ಕುಂಕುಮ ಅಂದ್ರೆ ಯಾರೂ ಎದುರು ಮಾತಾಡಲ್ಲ, ಅದಕ್ಕೆ ಹಂಗಂದೆ.” ಕನ್ನಡಕ ಏರಿಸಿ, ಮುದ್ದುಕೃಷ್ಣನ ಕೈಯಿಂದ ಹಾಳೆ ಕಿತ್ತುಕೊಂಡು ಓದಲು ಶುರು ಮಾಡಿದರು. ‘ನನ್ನ ನೆಲ, ನನ್ನ ಜನ. ಬಾಗಿಲು ತೆರೆಯಿರಿ. ಹಸಿದವರೆಲ್ಲ ಒಳಗೆ ಬರಲಿ.’ ನಲವತ್ತು ಹುಡುಗರ ಗದ್ದಲದ ಮೇಲೆ ಕೇಳಿಸಿ ಪಳಗಿದ ಗಂಟಲು. ಬೆನ್ನಿ ತನಗೆ ಗೊತ್ತಿಲ್ಲದೆ ನೆಟ್ಟಗೆ ಕೂತ. ಮುದ್ದುಕೃಷ್ಣನ ಮುಖ ಅರಳುತ್ತಿತ್ತು. ಚೂಡಾಮಣಿ ಅದು ಅರಳುವುದನ್ನೇ ನೋಡುತ್ತ ಕೂತಳು. ಅವಳ ನಿರಾಕರಣೆ ಎಷ್ಟು ಪರಿಪೂರ್ಣವಾಗಿತ್ತೆಂದರೆ ಎಲ್ಲರೂ ನಂಬಿಬಿಟ್ಟಿದ್ದರು. ಇನ್ನು ಐದು ನಿಮಿಷದಲ್ಲಿ ಅವಳು ಎದ್ದು ಎಲ್ಲರಿಗೂ ಉಪ್ಪಿಟ್ಟು ಬಡಿಸಬೇಕು, ಚೆನ್ನಾಗಿ ಓದಿದಿರಿ ಎನ್ನಬೇಕು, ವೇಷಭೂಷಣದ ಖರ್ಚು ನನ್ನದಿರಲಿ ಎನ್ನಬೇಕು, ಪ್ರದರ್ಶನದ ದಿನ ಮೊದಲ ಸಾಲಿನಲ್ಲಿ ಕೂತು ತನ್ನ ಮಾತುಗಳನ್ನು ಇನ್ನೊಬ್ಬಳ ಬಾಯಲ್ಲಿ ಕೇಳಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಬೇಕು. ಇದಕ್ಕಿಂತ ದೀಪದ ದಿನ ಅರ್ಧ ಎದ್ದು ಕೂತದ್ದೇ ವಾಸಿಯಾಗಿತ್ತು, ಅವತ್ತು ಕನಿಷ್ಠ ಬೇರೆಯವರು ಕೂರಿಸಿದ್ದರು.

“ಬೇಕು” ಎಂದಳು.

ದನಿ ಎಷ್ಟು ಸಣ್ಣದಾಗಿತ್ತೆಂದರೆ ಬೆನ್ನಿ “ನೀರಾ ಮ್ಯಾಡಂ?” ಎಂದ.

“ಪಾತ್ರ. ನನಗೆ ಬೇಕು. ಸುಮ್ಮನೆ ಬೇಡ ಅಂದೆ, ನೀವು ಇನ್ನೊಂದು ಸಲ ಕೇಳ್ತೀರಿ ಅಂತ.” ಕಿವಿಯ ತುದಿ ಸುಡುತ್ತಿತ್ತು. “ಮೂರು ವಾರದಿಂದ ಬಾಗಿಲ ಹಿಂದೆ ನಿಂತು ಬಾಯಿಪಾಠ ಮಾಡಿದೀನಿ. ಹಾಳೆ ಬೇಡ.”

ನಂಜಮ್ಮಣ್ಣಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಪಾತ್ರ ಬಿಟ್ಟುಕೊಡುವ ಮನಸ್ಸು ಆ ನೋಟದಲ್ಲಿ ಚೂರೂ ಇರಲಿಲ್ಲ. “ಹಂಗಾದ್ರೆ ಮಾಡಿ ತೋರಿಸಿ. ಪ್ರತಿಜ್ಞೆ ಸೀನು. ಚೆನ್ನಾಗಿದ್ರೆ ನಿಮಗೆ, ಇಲ್ದಿದ್ರೆ ನನಗೆ.”

ಸ್ವಂತ ಮನೆಯಲ್ಲಿ, ಸ್ವಂತ ಕಾರ್ಪೆಟ್ಟಿನ ಮೇಲೆ, ಸ್ವಂತ ಉಪ್ಪಿಟ್ಟು ತಿನ್ನುವವರೆದುರು ಪರೀಕ್ಷೆ. ಮುದ್ದುಕೃಷ್ಣ ಏನೋ ಹೇಳಲು ಹೋದ, ಅಷ್ಟರಲ್ಲಿ ಚೂಡಾಮಣಿ ಜರಿ ಸೀರೆಯ ಸಮೇತ ಬೆನ್ನಿಯ ಮುಂದೆ ಮಂಡಿಯೂರಿ ಆಗಿತ್ತು. ಬೆನ್ನಿ ಅವಸರದಲ್ಲಿ ಟೋಪಿ ಹಾಕಿಕೊಂಡ. “ಮಗಳೇ, ಇನ್ನು ಯಾವ ಪುರುಷನ ಕೈಯನ್ನೂ ಹಿಡಿಯಲಾರೆನೆಂದು ದೇವರೆದುರು ಆಣೆ ಮಾಡುತ್ತೀಯಾ?”

“ಮಾಡುತ್ತೇನೆ, ಮಹಾಸ್ವಾಮಿ.” ಚೆನ್ನಾಗಿ ಬಂತು. ಮುಂದಿನದು ಮಾತಲ್ಲ.

“ಇಲ್ಲಿ ಗಂಡನನ್ನು ನೆನೆದು ಬಿಕ್ಕಿ ಬಿಕ್ಕಿ ಅಳಬೇಕು ಮೇಡಂ” ಎಂದು ಮುದ್ದುಕೃಷ್ಣ ಪಿಸುಗುಟ್ಟಿದ. “ಟೈಮ್ ತಗೊಳ್ಳಿ.”

ತೆಗೆದುಕೊಂಡಳು. ಧನಂಜಯನ ಮುಖ ತಂದುಕೊಂಡಳು, ಅವನು ಕನ್ನಡಕ ಹುಡುಕುವಾಗಿನ ಪೆದ್ದು ಮುಖ. ಆಸ್ಪತ್ರೆಯ ಬಿಳಿ ಹೊದಿಕೆ ತಂದುಕೊಂಡಳು, ಊರಿಗೆ ಕಳಿಸಿದ ಪೆಟ್ಟಿಗೆ ತಂದುಕೊಂಡಳು. ಎಲ್ಲವೂ ಸಾಲಾಗಿ ಬಂದು ನಿಂತವು, ಕಣ್ಣು ಮಾತ್ರ ಒಣಗಿದ ಹಾಗೇ ಇತ್ತು. ತಗ್ಗಿಸಿದ ತಲೆಯನ್ನು ಇನ್ನಷ್ಟು ತಗ್ಗಿಸಿ ಹೆಗಲು ಕುಲುಕಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಆ ಪೆಟ್ಟಿಗೆಯ ಮುಂದೆಯೂ ಹಾಗೇ ಮಾಡಿದ್ದಳು, ಸೆರಗು ಒತ್ತಿಕೊಂಡು. ಕೈ ಸೆರಗಿನವರೆಗೆ ಹೋಯಿತು. ಅಲ್ಲೇ ನಿಂತಿತು.

“ಅಳು ಬರೋಲ್ಲ” ಎಂದಳು. ಕಾರ್ಪೆಟ್ಟಿಗೆ ಹೇಳಿದಂತೆ ಹೇಳಿದಳು. “ಅವರು ಹೋದಾಗಲೂ ಬರಲಿಲ್ಲ. ಕಾಯ್ತಾನೇ ಇದೀನಿ. ಬರ್ತಿಲ್ಲ.”

ಸ್ಪಂದನಾ ಗೋಡೆ ನೋಡುತ್ತಿದ್ದಳು, ಮುದ್ದುಕೃಷ್ಣ ತನ್ನ ಬೂಟಿಲ್ಲದ ಕಾಲಿನ ಬೆರಳುಗಳನ್ನು. ಇದು ಸಂಜೆಯೊಳಗೆ ಅಲ್ ಖೋರಿನವರೆಗೆ, ನಾಳೆ ಬೆಳಗಾದರೆ ಮೈಸೂರಿನವರೆಗೆ ಹೋಗುತ್ತದೆ. ಪಾತ್ರವೂ ಹೋಯಿತು, ಮಾನವೂ ಹೋಯಿತು, ಎರಡೂ ಒಂದೇ ಕಾರಿನಲ್ಲಿ.

ನಂಜಮ್ಮಣ್ಣಿ ಹಾಳೆಯ ಪುಟ ತಿರುಗಿಸಿದ ಸದ್ದಾಯಿತು.

“ನನಗೂ ಬರ್ಲಿಲ್ಲ” ಎಂದರು, ತಪ್ಪು ಕಾಗುಣಿತ ತಿದ್ದುವ ದನಿಯಲ್ಲಿ. “ಅದನ್ನ ಹೊಡೆದು ಹಾಕಪ್ಪ ಮುದ್ದುಕೃಷ್ಣ. ಅಮ್ಮ, ಮುಂದಿನ ಸಾಲು.”

ಚೂಡಾಮಣಿ ತಲೆ ಎತ್ತಿದಳು. “ಏಳಲು ನನಗೆ ಯಾರ ಕೈಯೂ ಬೇಡ, ಮಹಾಸ್ವಾಮಿ.” ಅದೆಂಥ ದನಿ. ಗಾಜಿನ ತೂಗುದೀಪ ಅಲುಗಿತು, ಹಿತ್ತಿಲಿನ ಖರ್ಜೂರದ ಮರದಿಂದ ಹಣ್ಣು ಉದುರಿದವು, ಕೊಲ್ಲಿಯಾಚೆಯ ಇರಾನಿನಲ್ಲಿ ಯಾರೋ ನಿದ್ದೆಯಿಂದ ಎದ್ದು ಕೂತರು. ಬೆನ್ನಿ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಏಳಲು ನೋಡಿದಳು. ಬಲ ಮೊಣಕಾಲು ಹಿಡಿದುಕೊಂಡಿತ್ತು. ಇನ್ನೊಮ್ಮೆ ನೋಡಿದಳು, ಸೊಂಟವೂ ಅದರ ಜೊತೆ ಸೇರಿಕೊಂಡಿತು.

“ಟೀಚರ್” ಎಂದಳು ಮೆಲ್ಲಗೆ, “ಸ್ವಲ್ಪ ಕೈ ಕೊಡಿ.”